ರುಚಿ ನೋಡದ ಪಾಯಸ

ಹಾಲು, ಅಕ್ಕಿ, ಬೆಲ್ಲ ಮೂರನ್ನೂ ಒಂದು ಪಾತ್ರೆಗೆ ಹಾಕಿ ಕುದಿಸಿದರೆ ಪಾಯಸ ಆಗುತ್ತದೆ ಎಂದು ನಾನು ಮದುವೆಯಾಗಿ ಬರುವಾಗ ನಂಬಿದ್ದೆ. ಹಾಗೆ ಕುದಿಸಿದರೆ ಸಿಗುವುದು ಒಡೆದ ಹಾಲು ಎಂದು ತಿಳಿಯಲು ಗಂಡನ ಮನೆಯ ಮೊದಲ ಹಬ್ಬವೇ ಸಾಕಾಯಿತು. ನನ್ನ ತವರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು, ತುಂಗಭದ್ರೆಯ ದಂಡೆಯ ಊರು. ಭತ್ತದ ಗದ್ದೆ ನೋಡುತ್ತಲೇ ಬೆಳೆದವಳು ನಾನು. ಗಂಡನ ಮನೆ ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ. ಇಲ್ಲಿ ಹೊಲವೆಂದರೆ ಜೋಳ, ಸಜ್ಜೆ, ಶೇಂಗಾ. ಅನ್ನ ದಿನದ ಊಟಕ್ಕೆ ಬಂದದ್ದೇ ಈಚೆಗೆ. ಅಂಥ ಮನೆಯಲ್ಲಿ, ಅಕ್ಕಿಯ ನಾಡಿನಿಂದ ಬಂದ ಸೊಸೆ ಅಕ್ಕಿ ಪಾಯಸ ಕೆಡಿಸಿದಳು.

“ಹೊಳಿ ದಂಡಿ ಹುಡುಗಿ, ಪಾಯಸ ಮಾಡಾಕ ಬರಂಗಿಲ್ಲಂದ್ರ ಹ್ಯಾಂಗವ್ವಾ” ಎಂದು ಅತ್ತೆ ನಕ್ಕರು. ನಕ್ಕು ಸುಮ್ಮನಾಗಲಿಲ್ಲ, ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿ, ಗಟ್ಟಿಯನ್ನು ಹೋಳಿಗೆಯ ಹೂರಣಕ್ಕೆ ಸೇರಿಸಿ ಎಲ್ಲರಿಗೂ ಉಣಿಸಿದರು. ಯಾರಿಗೂ ತಿಳಿಯಲಿಲ್ಲ. ಅವತ್ತಿನಿಂದ ನಾನು ಅವರ ಅಭಿಮಾನಿ. ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅವರ ಪಾಯಸದ ಕೆಲಸ ಹಿಂದಿನ ದಿನವೇ ಶುರುವಾಗುತ್ತಿತ್ತು. ನನ್ನ ತವರಿನಿಂದ ಬಂದ ಅಕ್ಕಿಯನ್ನು ಮೊರದಲ್ಲಿ ಕೇರಿ, ತೊಳೆದು, ಹಳೆಯ ಪಂಚೆಯ ಮೇಲೆ ನೆರಳಿಗೆ ಹರವುವರು. ಬೆಳಿಗ್ಗೆ ಅದನ್ನು ತುಪ್ಪದಲ್ಲಿ ಬೆಚ್ಚಗೆ ಹುರಿದು, ಒರಳಿಗೆ ಹಾಕಿ ನುಚ್ಚು ಮಾಡುವರು, ಹಿಟ್ಟಾಗುವಂತಿಲ್ಲ. ಬೆಲ್ಲಕ್ಕೆ ಬೇರೆ ಪಾತ್ರೆ. ನೀರಿನಲ್ಲಿ ಕರಗಿಸಿ, ಮಣ್ಣು ಕಸ ಸೋಸಿ, ಆರಲು ಬಿಡುವರು. ನುಚ್ಚು ಹಾಲಿನಲ್ಲಿ ಬೆಂದು, ಬೋಗುಣಿ ಒಲೆಯಿಂದ ಇಳಿದು, ಅಂಚು ಕೈಗೆ ತಡೆಯುವಷ್ಟು ಆರಿದ ಮೇಲೆಯೇ ಬೆಲ್ಲ ಸೇರುವುದು. ನಾನು ತಪ್ಪಿದ್ದು ಇಲ್ಲೇ. ಬೆಲ್ಲ ಎಷ್ಟು ಎಂದು ಕೇಳಿದರೆ “ಗೋಧಿ ಬಣ್ಣ ಬರೋ ತನಕ” ಎನ್ನುವರು. ಹೊಸ ಬೆಲ್ಲವೋ ಹಳೆಯದೋ ಎಂದು ಉಗುರಿನಿಂದ ಒತ್ತಿ ನೋಡಿ, ಅದರ ಮೇಲೆ ಗೋಧಿ ಬಣ್ಣ ತಿಳಿಯೋ ಕಡುವೋ ಎಂದು ಅವರೇ ತೀರ್ಮಾನಿಸುವರು. ನಾನು ಕೊಟ್ಟೂರಿನ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಊರವರ ಸಕ್ಕರೆಯನ್ನೆಲ್ಲ ಅಳೆಯುವವಳಿಗೆ ಪಾಯಸದ ಸಿಹಿ ಅಳೆಯಲು ಬರುವುದಿಲ್ಲ ಎಂದು ನನ್ನ ಗಂಡ ಸಮಯ ಸಿಕ್ಕಾಗಲೆಲ್ಲ ಕಾಲೆಳೆಯುತ್ತಾರೆ.

ಹಬ್ಬದ ಪಾಯಸಕ್ಕಿಂತ ದೊಡ್ಡದು ನಮ್ಮ ಮನೆಯಲ್ಲಿ ಮೀಸಲು ಪಾಯಸ. ಮನೆದೇವರು ಮೈಲಾರಲಿಂಗ. ಆಕಳು ಈದು, ಗಿಣ್ಣದ ಹಾಲು ಮುಗಿದು, ಹಾಲು ತಿಳಿಯಾದ ಮೇಲೆ ಮೊದಲ ಭಾನುವಾರದ್ದೆಲ್ಲ ಅವನಿಗೇ. ಆ ಹಾಲಿನಲ್ಲಿ ಮನೆಯವರು ಒಂದು ಲೋಟ ಚಹಾ ಕೂಡ ಮಾಡಿಕೊಳ್ಳುವಂತಿಲ್ಲ. ಅದರಲ್ಲಿ ಪಾಯಸ ಮಾಡಿ, ದೇವರ ಒಕ್ಕಲಿನ ಗೊರವಯ್ಯನನ್ನು ಕರೆದು ಅವನ ದೋಣಿ ತುಂಬಿಸಬೇಕು. ದೋಣಿಯೆಂದರೆ ಹೊಳೆ ದಾಟುವುದಲ್ಲ. ಗೊರವಯ್ಯ ಉಣ್ಣುವ ದೋಣಿಯಾಕಾರದ ಮರದ ಪಾತ್ರೆ. ಅವನು ಉಣ್ಣುವವರೆಗೆ ಆ ಪಾಯಸವನ್ನು ಯಾರೂ ರುಚಿ ನೋಡುವಂತಿಲ್ಲ, ಮೂಸುವಂತಿಲ್ಲ. ಮಾಡುವವರು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡೇ ಕೂರಬೇಕು. ಮತ್ತೆ, ಸೌಟು ಹಿಡಿದ ಕೈ ಒಂದೇ ಆಗಿರಬೇಕು, ನಡುವೆ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಇಷ್ಟೆಲ್ಲ ಕಟ್ಟುಪಾಡಿನಲ್ಲಿ ಮಾಡಿದ ಅತ್ತೆಯ ಮೀಸಲು ಪಾಯಸ ಹಬ್ಬದ ಪಾಯಸಕ್ಕಿಂತ ರುಚಿಯಾಗಿರುತ್ತಿತ್ತು. ಅದು ಹೇಗೆ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಆಮೇಲೆ ಕೊರೊನಾದ ಜ್ವರ ನಮ್ಮ ಮನೆಗೂ ಬಂತು. ಎಲ್ಲರೂ ಮಲಗಿದೆವು, ಎಲ್ಲರೂ ಎದ್ದೆವು. ಮೂಗು ಕಟ್ಟಿದ್ದು, ನಾಲಗೆ ಸತ್ತದ್ದು ನಮಗೆಲ್ಲ ವಾರ ಕಳೆಯುವುದರೊಳಗೆ ಸರಿಹೋಯಿತು. ಅತ್ತೆಗೂ ಸರಿಹೋಗಿದೆ ಎಂದುಕೊಂಡೆವು, ಯಾಕೆಂದರೆ ಅವರು ಏನೂ ಹೇಳಲಿಲ್ಲ. ಎದ್ದು ಎಂದಿನಂತೆ ರೊಟ್ಟಿ ಬಡಿಯಲು ಕೂತರು. ಆದರೆ ಉಣ್ಣುವಾಗ “ಉಪ್ಪು ಸರಿ ಐತೇನು?” ಎಂದು ಕೇಳುವುದು ಶುರುವಾಯಿತು. ಹಿಂದೆ ಎಂದೂ ಕೇಳಿದವರಲ್ಲ. ಒಂದು ದಿನ ಸಾರು ಉಪ್ಪುಪ್ಪು, ಇನ್ನೊಂದು ದಿನ ಸಪ್ಪೆ. ಈಗಷ್ಟೇ ಎದ್ದಿದ್ದಾರೆ, ಮನಸ್ಸು ನೋಯಿಸುವುದು ಯಾಕೆ ಎಂದು ನಾವು “ಸರಿ ಐತ್ರಿ” ಎನ್ನುತ್ತಿದ್ದೆವು. ಮೊದಲೆಲ್ಲ ಉಪ್ಪು ಒಂದಿಷ್ಟು ಆಚೀಚೆಯಾದರೆ ತಾಟು ಮುಂದೆ ತಳ್ಳುತ್ತಿದ್ದ ಮಾವನವರೂ ತಲೆ ತಗ್ಗಿಸಿ ಉಣ್ಣತೊಡಗಿದರು.

ಒಂದು ಬೆಳಿಗ್ಗೆ ಅತ್ತೆ ಇಬ್ಬರಿಗೂ ಚಹಾ ತಂದು, ನನ್ನ ಪಕ್ಕ ಕಟ್ಟೆಯ ಮೇಲೆ ಕೂತು ಕುಡಿಯತೊಡಗಿದರು. ನಾನು ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ಎದ್ದು ಹೋಗಿ ಉಗುಳಿ ಬಂದೆ. ಹಾಲು ಒಡೆದಿರಲಿಲ್ಲ, ಆದರೆ ಹುಳಿತು ನಾರುತ್ತಿತ್ತು. ಅವರ ಲೋಟ ಅರ್ಧ ಖಾಲಿಯಾಗಿತ್ತು.

“ಅತ್ತಿ, ಹಾಲು ಕೆಟ್ಟೈತಲ್ರಿ.”

ಅವರು ಲೋಟವನ್ನು ಕೆಳಗಿಟ್ಟರು. “ನನಗ ಏನೂ ಗೊತ್ತಾಗಂಗಿಲ್ಲವ್ವಾ. ಬಾಯಾಗ ಬಿಸಿ ಹತ್ತತೈತಿ, ಅಷ್ಟ” ಎಂದರು.

“ಯಾಕ ಹೇಳಲಿಲ್ರಿ?”

“ಏನಂತ ಹೇಳ್ಲಿ. ಕೈ ಮುರಿದ್ರ ತೋರಸಬಹುದು. ಇದನ್ನ ಯಾರಿಗಿ ತೋರಸ್ಲಿ.” ಆಮೇಲೆ ಅವರು ಹೇಳಿದ್ದು ನನ್ನನ್ನು ಹೆಚ್ಚು ಚುಚ್ಚಿತು. “ಉಪ್ಪು ಸರಿ ಐತಿ ಅಂತ ಎಲ್ಲಾರೂ ಅಂತಿದ್ರಿ. ನಿಮ್ಮ ಮಾವ ಸುಮ್ಮನ ಉಣ್ಣಾಕ ಹತ್ತಿದ ದಿನಾನ ನನಗ ತಿಳೀತು, ಸರಿ ಇಲ್ಲಂತ. ಅವತ್ತಿಂದ ಯಾರ ಮಾತೂ ನಂಬಾಕ ಬರವಲ್ದು.”

ಡಾಕ್ಟರಿಗೆ ತೋರಿಸಿದೆವು. ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಎಂದರು. ಅತ್ತೆ ಕಾಯುವ ಜಾತಿಯಲ್ಲ. ಅಡುಗೆಮನೆ ನನಗೆ ಬಿಟ್ಟು, ಕಾಳು ಹಸನು ಮಾಡುವುದು, ಆಕಳ ಮೈ ತೊಳೆಯುವುದು, ಇಂಥ ಕೆಲಸ ಹಿಡಿದುಕೊಂಡರು. ಯಾಕೆಂದು ಕೇಳಿದ ಓಣಿಯ ಹೆಂಗಸರಿಗೆ ಮೊಣಕಾಲು ನೋವಿನ ನೆಪ. ಒಲೆಯ ಮುಂದೆ ನಾನು ಒದ್ದಾಡುವಾಗ ಅವರು ಬಾಗಿಲವರೆಗೆ ಬಂದು ನಿಂತು ಹಾಗೇ ತಿರುಗಿ ಹೋಗುವುದು ನನಗೆ ಕಾಣುತ್ತಿತ್ತು. ಅಷ್ಟು ಚುರುಕಿನ ಹೆಂಗಸು ತನ್ನದೇ ಅಡುಗೆಮನೆಯ ಹೊಸ್ತಿಲಲ್ಲಿ ನೆಂಟರಂತೆ ನಿಲ್ಲುವುದನ್ನು ನೋಡಿ ಸಂಕಟವಾಗುತ್ತಿತ್ತು.

ಕಳೆದ ವರ್ಷ ಆಕಳು ಈದಿತು. ಹಾಲು ತಿಳಿಯಾಗುತ್ತಿದ್ದಂತೆ ಮಾವನವರು ಭಾನುವಾರ ದೋಣಿ ತುಂಬಿಸುವ ಮಾತು ತೆಗೆದರು. “ಈ ಸಲ ಸೊಸಿ ಮಾಡ್ಲಿ ಬಿಡು” ಎಂದು ಹೆಂಡತಿಯ ಕಡೆ ನೋಡದೆಯೇ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

“ಮೀಸಲು ನಾನ ಮಾಡಾಕಿ” ಎಂದರು ಅತ್ತೆ.

ಸಂಜೆ ಹಾಲು ಕರೆಯುವಾಗ ನಾನು ಕರುವನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅತ್ತೆ ಆಕಳ ಹೊಟ್ಟೆಗೆ ಹಣೆ ಆನಿಸಿಕೊಂಡೇ ಮಾತಾಡಿದರು. “ನೋಡವ್ವಾ, ಇದೊಂದು ಅಡಗಿ ಯಾರೂ ರುಚಿ ನೋಡಿ ಮಾಡೋದಲ್ಲ. ನಾಲಗಿ ಇದ್ದಾಗೂ ನಾ ನೋಡಿಲ್ಲ. ಇದು ಸರಿ ಬಂದ್ರ ನಾ ಮತ್ತ ಒಲಿ ಮುಂದ ಕೂಡ್ತೀನಿ. ಕೆಟ್ರ ಆ ಕಡಿ ಕಾಲಿಡಂಗಿಲ್ಲ.”

ನನಗೆ ಭಯವಾಯಿತು. ನನ್ನ ಬುದ್ಧಿಗೆ ತೋಚಿದ ಉಪಾಯ ಹೇಳಿದೆ. “ಯಾರಿಗೂ ಗೊತ್ತಾಗದಂಗ ನಾ ಒಂದ್ ಹನಿ ನೋಡಿ ಹೇಳ್ತೀನ್ರಿ ಅತ್ತಿ.”

ಅವರ ಕೈ ನಿಂತಿತು. “ಮೈಲಾರಪ್ಪ ದೊಡ್ಡಾಂವ, ಹೊಟ್ಟ್ಯಾಗ ಹಾಕ್ಕೊಂಡಾನು. ಆದ್ರ ನೀ ನೋಡಿ ಹೇಳಿದ್ರ ಅದು ನಾ ಮಾಡಿದ್ದು ಆಗತೈತೇನು?”

ಅತ್ತೆಯ ಈ ಗುಣ ನನಗೆ ಬಹಳ ಇಷ್ಟ. ಅದರ ಜೊತೆ ಬಾಳುವುದು ಮಾತ್ರ ಸುಲಭವಲ್ಲ.

ಭಾನುವಾರ ಹಿತ್ತಿಲಿನ ಕಟ್ಟಿಗೆ ಒಲೆಯ ಮೇಲೆ ಹಿತ್ತಾಳೆ ಬೋಗುಣಿ ಏರಿತು. ಉರಿ ನೋಡಿಕೊಳ್ಳುವ ಕೆಲಸ ನನ್ನದು. ಅತ್ತೆ ತಲೆಗೆ ನೀರು ಹಾಕಿಕೊಂಡು, ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಕೂತರು. ನಾನು ಕಡಿಮೆಯೇನು? ಲ್ಯಾಬಿನಲ್ಲಿ ಹಾಕುವ ಮಾಸ್ಕನ್ನೇ ಹಾಕಿ ಬಂದೆ. ಅತ್ತೆ ನನ್ನನ್ನು ನೋಡಿ ಕಣ್ಣಲ್ಲೇ ಮೆಚ್ಚಿದರು. ಇಂಥ ಭದ್ರವಾದ ಮಡಿಯನ್ನು ನಮ್ಮ ಹಿತ್ತಿಲು ಅಲ್ಲಿಯವರೆಗೆ ಕಂಡಿರಲಿಕ್ಕಿಲ್ಲ.

ಆ ಹೊತ್ತು ಅವರನ್ನು ನೋಡಬೇಕಿತ್ತು. ಅಷ್ಟು ತಿಂಗಳು ಹೊಸ್ತಿಲಿಂದ ಹಿಂದೆ ಸರಿಯುತ್ತಿದ್ದ ಹೆಂಗಸು ಇವರೇನಾ ಎನಿಸಿತು. ಹಾಲು ಉಕ್ಕಿ ಬರುವ ಮುಂಚೆಯೇ ಸೌಟು ಒಳಗಿರುತ್ತಿತ್ತು. ನುಚ್ಚು ಹಾಕಿದ ಮೇಲೆ ಅವರು ಕಣ್ಣು ಮುಚ್ಚಿಕೊಂಡು ತಿರುವುತ್ತಾ, ಗುಳ್ಳೆಯ ಸಪ್ಪಳ ಕೇಳುತ್ತಿದ್ದರು. ಮೊದಲು ಜೋರಾಗಿದ್ದದ್ದು ನುಚ್ಚು ಬೆಂದಂತೆ ಮಂದವಾಗಿ, ಅಲ್ಲೊಂದು ಇಲ್ಲೊಂದು ಗುಳುಕ್ ಎನ್ನತೊಡಗಿತು. ಒಂದು ಅಗುಳನ್ನು ಸೌಟಿನ ಬೆನ್ನಿನಿಂದ ಬೋಗುಣಿಯ ಗೋಡೆಗೆ ಒತ್ತಿ ನೋಡಿ “ಇನ್ನೊಂಚೂರು” ಎಂದು ತಲೆಯಾಡಿಸಿದರು. ಬಾಯಿ ಇಲ್ಲ, ಮೂಗು ಇಲ್ಲ, ಆದರೂ ಅವರಿಗೆ ಬೇಕಾದದ್ದೆಲ್ಲ ಆ ಬೋಗುಣಿ ಹೇಳುತ್ತಿತ್ತು. ನಾನು ಕಟ್ಟಿಗೆ ಸರಿಸುವುದನ್ನೂ ಮರೆತು ನೋಡುತ್ತಾ ಕೂತಿದ್ದೆ.

ಅಷ್ಟರಲ್ಲಿ ಬೀದಿಯಲ್ಲಿ ಡಮರುಗದ ಸದ್ದು. ನನ್ನ ಗಂಡ ಗೊರವಯ್ಯನನ್ನು ಬಸ್‌ಸ್ಟ್ಯಾಂಡಿನಿಂದ ಬೈಕಿನ ಮೇಲೆ ಕರೆತಂದಿದ್ದರು, ಹೇಳಿದ್ದಕ್ಕಿಂತ ಬಹಳ ಮುಂಚೆ. ಬಾಗಿಲಿಗೆ ಬಂದ ಗೊರವಯ್ಯನ ಕಾಲಿಗೆ ಮನೆಯ ಹಿರಿಯ ಹೆಂಗಸೇ ನೀರು ಹಾಕಬೇಕು. “ಎಲ್ಲಿದ್ದೀ, ನೀರು ತಾ” ಎಂದು ಮಾವನವರು ಕೂಗಿದರು. ಅತ್ತೆ ಬೋಗುಣಿಯನ್ನೂ ಬಾಗಿಲನ್ನೂ ನೋಡಿದರು. ನನಗೆ ಸೌಟು ಕೊಡುವಂತಿಲ್ಲ, ಕೊಟ್ಟರೂ ನಾನು ಮುಟ್ಟುವಂತಿಲ್ಲ. “ಉರಿ ತೆಗಿ” ಎಂದು ಎದ್ದು ಹೋದರು. ನಾನು ಕಟ್ಟಿಗೆಯೆಲ್ಲ ಹೊರಗೆಳೆದೆ. ಆದರೆ ಒಲೆಯ ತುಂಬಾ ಕೆಂಡವಿತ್ತು, ಬೋಗುಣಿ ಅದರ ಮೇಲೆಯೇ ಕೂತಿತ್ತು. ಮೇಲೆ ನೋಡಿದರೆ ಪಾಯಸ ಶಾಂತವಾಗಿತ್ತು. ವಾಸನೆ ಹಿಡಿಯಬೇಕಾದ ನನ್ನ ಮೂಗು ಆ ಭದ್ರವಾದ ಮಾಸ್ಕಿನ ಒಳಗಿತ್ತು.

ಅತ್ತೆ ಓಡುತ್ತಲೇ ಬಂದು ತಿರುವಿ, ಬೋಗುಣಿ ಇಳಿಸಿದರು. ಆರಿದ ಮೇಲೆ ಬೆಲ್ಲದ ನೀರನ್ನು ನೂಲಿನಂತೆ ಬಿಡುತ್ತಾ ಹೋದರು. ಬಿಳಿ ಹೋಯಿತು, ಗೋಧಿ ಬಣ್ಣ ಬಂತು. ಇನ್ನೂ ಬೆಲ್ಲ ಉಳಿದಿತ್ತು. ಅತ್ತೆಯ ಕೈ ಒಂದು ಕ್ಷಣ ತಡೆಯಿತು, ಇನ್ನೊಂದಿಷ್ಟು ಬಿಟ್ಟಿತು, ನಿಂತಿತು. ಯಾಲಕ್ಕಿ, ಹೆರೆದ ಒಣಕೊಬ್ಬರಿ ಹಾಕಿ, ಬೋಗುಣಿಗೆ ಕೈ ಮುಗಿದರು.

ಪಡಸಾಲೆಯಲ್ಲಿ ಗೊರವಯ್ಯ ಕರಿ ಕಂಬಳಿ ಹಾಸಿ ಅದರ ಮೇಲೆ ದೋಣಿಯಿಟ್ಟ. ಅತ್ತೆ ಪಾಯಸ ತುಂಬಿಸಿದರು, ಮೇಲೆ ಬಾಳೆಹಣ್ಣು ಮುರಿದು ಹಾಕಿ ತುಪ್ಪ ಬಿಟ್ಟರು. “ಏಳುಕೋಟಿಗೋ” ಎಂದು ದೇವರನ್ನು ಕೂಗಿ, ಗೊರವಯ್ಯ ನೆಲಕ್ಕೆ ಕೈಯೂರಿ, ಮೈಲಾರಲಿಂಗನ ನಾಯಿಯಾಗಿ ಬೊಗಳುತ್ತಾ ದೋಣಿಗೆ ನೇರ ಬಾಯಿ ಹಾಕಿದ. ನಾವೆಲ್ಲ ಕೈ ಮುಗಿದು ನಿಂತಿದ್ದೆವು. ಅತ್ತೆ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದರು. ಗೊರವಯ್ಯ ದೋಣಿ ಬರಿದು ಮಾಡಿ, ಮೀಸೆಯೊರೆಸಿಕೊಂಡು ಎದ್ದು ನಮ್ಮ ಹಣೆಗೆ ಅರಿಸಿನದ ಭಂಡಾರ ಹಚ್ಚಿದ. “ಚಲೋ ಆಗೈತಿ ಯವ್ವಾ. ಅಪ್ಪ ಹೊಟ್ಟಿತುಂಬ ಉಂಡಾನ” ಎಂದ. ಎಂಥ ಪಾಯಸಕ್ಕೂ ಗೊರವಯ್ಯ ಇದನ್ನೇ ಹೇಳುತ್ತಾನೆ ಎಂಬುದು ಅತ್ತೆಗೂ ಗೊತ್ತು.

ಅವನನ್ನು ಕಳಿಸಿ ಬಂದು ನಾವು ಪ್ರಸಾದಕ್ಕೆ ಕೂತೆವು. ನಾನು ಮಾಸ್ಕ್ ತೆಗೆದದ್ದು ಆಗಲೇ. ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆಯೇ ನನ್ನ ಮೂಗಿಗೆ ಬಡಿಯಿತು. ಹೊತ್ತಿದ ವಾಸನೆ. ತೀರಾ ಹೆಚ್ಚೇನಲ್ಲ, ಆದರೆ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ತಳ ಹಿಡಿದಿತ್ತು. ತಲೆಯೆತ್ತಿ ನೋಡಿದೆ, ಮಾವನವರ ತುತ್ತು ಗಲ್ಲದಲ್ಲೇ ನಿಂತಿತ್ತು. ನುಂಗಿ “ಪಸಂದ್ ಆಗೈತಿ” ಎಂದರು. ನನ್ನ ಗಂಡ “ಮೊದಲಿನಂಗ ಐತಿ ಬೇ ಅವ್ವಾ, ಒಂಚೂರೂ ಫರಕಿಲ್ಲ” ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ಅತ್ತೆ ಅವರಿಬ್ಬರ ಮುಖವನ್ನು ಒಂದೊಂದಾಗಿ ನೋಡಿದರು. ನನ್ನನ್ನು ಕೇಳಲಿಲ್ಲ. ತಮ್ಮ ಬಟ್ಟಲನ್ನು ಮುಟ್ಟದೆ ಎದ್ದು ಹೋಗಿ ಹಿತ್ತಿಲ ಕಟ್ಟೆಯ ಮೇಲೆ ಕೂತರು.

ಗಂಡ ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದರು. “ಉಳಿದದ್ದು ಬ್ಯಾರೇ ಪಾತ್ರಿಗೆ ಹಾಕಿ ಬೋಗುಣಿ ತಿಕ್ಕಿಬಿಡು. ಅವ್ವ ತಳ ನೋಡಿದ್ರ ಮುಗೀತು.”

ಅವರು ಹೇಳಿದ್ದೂ ಸರಿಯೇ. ಪಾಯಸ ತೆಗೆದ ಮೇಲೆ ಬೋಗುಣಿಯ ತಳದಲ್ಲಿ ಅಂಗೈಯಗಲ ಕಂದು ಕಲೆ ಕಂಡಿತು. ಬೂದಿ, ತೆಂಗಿನ ಜುಂಗು ಹಿಡಿದು ಬಚ್ಚಲಿಗೆ ಹೋಗಿ ಕೂತೆ. ತಿಕ್ಕಿದರೆ ಕ್ಷಣದ ಕೆಲಸ. ಆದರೆ ಕೈ ಮುಂದೆ ಹೋಗಲಿಲ್ಲ. ಚಲೋ ಆಗಿದೆ ಎಂದ ಇಬ್ಬರ ಮಾತನ್ನೂ ನಂಬದೆ ಆ ಹೆಂಗಸು ಎದ್ದು ಹೋಗಿದ್ದಾರೆ. ನಾನು ಮೂರನೆಯವಳಾಗಿ ಅದನ್ನೇ ಹೇಳಿದರೆ ಅವರಿಗೆ ಈ ಮನೆಯಲ್ಲಿ ನಂಬಲು ಇನ್ನು ಯಾರಿದ್ದಾರೆ? ನಿಜ ಹೇಳಿದರೆ ಒಲೆ ಬಿಟ್ಟೇಬಿಡುತ್ತಾರೇನೋ ಎಂಬ ಹೆದರಿಕೆಯೂ ಇತ್ತು. ಆದರೂ ಬೋಗುಣಿಯನ್ನು ಎತ್ತಿಕೊಂಡು ಹೋಗಿ ಅವರ ಮುಂದಿಟ್ಟೆ.

“ತಳ ಹಿಡದೈತ್ರಿ ಅತ್ತಿ. ಹೊತ್ತಿದ ವಾಸನಿ ಐತಿ.”

ಅವರು ಬಗ್ಗಿ ನೋಡಿದರು. ಕಲೆಯ ಮೇಲೆ ಉಗುರಿನಿಂದ ಗೀರಿದರು.

“ಸಿಹಿ?” ಎಂದು ಕೇಳಿದರು.

“ಸಿಹಿ ಸರಿ ಐತ್ರಿ.”

“ಅವ್ರೂ ಸರಿ ಐತಿ ಅಂದ್ರು.”

“ಅವ್ರು ತಳ ಹಿಡದಿದ್ದೂ ಸರಿ ಐತಿ ಅಂದ್ರಲ್ರಿ. ನಾ ಅನ್ನಂಗಿಲ್ಲ. ಹೊತ್ತೈತಿ. ಸಿಹಿ ಮಾತ್ರ ನಿಮ್ಮ ಕೈದು, ಒಂಚೂರು ಹೆಚ್ಚಿಲ್ಲ, ಕಮ್ಮಿ ಇಲ್ಲ.”

ಅತ್ತೆ ನನ್ನನ್ನು ನೋಡಿದರು. ಅವರ ಮುಖ ಮೆಲ್ಲಗೆ ಸಡಿಲವಾಗಿ, ನಗು ಬಂತು; ಸಣ್ಣದಾಗಿ ಶುರುವಾದದ್ದು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟಾಯಿತು. “ಹಂಗಾರ ಸಿಹಿ ಖರೇನ ಸರಿ ಐತಿ” ಎಂದರು. ಹೊತ್ತಿದೆ ಎಂದು ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. “ನನ್ನ ಬಟ್ಟಲಾ ತಾ ಹೋಗು” ಎಂದರು.

ತಂದುಕೊಟ್ಟೆ. ಅಲ್ಲೇ ಕಟ್ಟೆಯ ಮೇಲೆ ಕೂತು, ಏನೂ ತಿಳಿಯದ ಬಾಯಿಯಲ್ಲಿ ಆ ಪಾಯಸವನ್ನು ಬಟ್ಟಲು ಬಳಿದು ಉಂಡರು. ನನಗೆ ಅವರ ಬಗ್ಗೆ ಇರುವ ಹೆಮ್ಮೆಯನ್ನು ಹೇಳಬೇಕೆನಿಸಿತು, ಆದರೆ ನಮ್ಮಲ್ಲಿ ಸೊಸೆಯಂದಿರು ಅತ್ತೆಗೆ ಹಾಗೆಲ್ಲ ಹೇಳುವ ರೂಢಿಯಿಲ್ಲ. ಇಲ್ಲಿ ಬರೆದಿದ್ದೇನೆ.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೊರಡುವ ಗಡಿಬಿಡಿಯಲ್ಲಿ ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಅತ್ತೆ ಒಳಗೆ ಬಂದರು. ಹೊಸ್ತಿಲಲ್ಲಿ ನಿಲ್ಲಲಿಲ್ಲ. ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗ್ಯಾಸಿನ ಮುಂದೆ ನಿಂತು ಬೆಳ್ಳುಳ್ಳಿ ಜಜ್ಜಿ ಎಣ್ಣೆಗೆ ಹಾಕಿದರು.

“ವಾಸನಿ ಬಂದ್ರ ಹೇಳು” ಎಂದರು, ತಿರುಗಿ ನೋಡದೆ.

ನಾನು ಅವರ ಹೆಗಲ ಪಕ್ಕ ನಿಂತು ಕಾದೆ. “ಬಂತ್ರಿ” ಎಂದೆ. ಅವರು ಉರಿ ಸಣ್ಣ ಮಾಡಿದರು.